ಕೈಗಡಿಯಾರದಲ್ಲಿ ಸಸ್ಕಾಚೆವಾನ್

ಅಕ್ಟೋಬರ್ 9, ಬುಧವಾರ

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸಸ್ಕಾಚೆವಾನ್ ಪ್ರಾಂತ್ಯದ ಅಧಿಕೃತ ತುರ್ತು ವೈದ್ಯ ಸಹಾಯಕನೂ ಇಪ್ಪತ್ತಮೂರರ ಹರೆಯದವನೂ ಆದ ಲೇನ್ ಹ್ನಾಟ್ಯುಕ್ ಎಂಬ ನಾನು, ಇಂದು ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಪಕ್ಕದ ಪ್ರಾಂತ್ಯವಾದ ಆಲ್ಬರ್ಟದ ಗಡಿಯನ್ನು ದಾಟಿ, ತತ್‌ಕ್ಷಣದಿಂದ ಜಾರಿಗೆ ಬರುವಂತೆ ಯಾರೂ ಅಲ್ಲದವನಾದೆ.

ಗಡಿಯ ಆ ಕಡೆ ನಾನು ಆಂಬುಲೆನ್ಸಿನಲ್ಲಿ ಕೂತು ಆಮ್ಲಜನಕ ಕೊಡಬಹುದಿತ್ತು, ಮುರಿದ ಮೂಳೆ ಕಟ್ಟಬಹುದಿತ್ತು, ನಿಂತ ಎದೆಯನ್ನು ಒತ್ತಿ ಎಬ್ಬಿಸಬಹುದಿತ್ತು. ಈ ಕಡೆ ಅದೇ ಕೈ, ಅದೇ ಬುದ್ಧಿ, ಆದರೆ ಆಲ್ಬರ್ಟದ ಲೈಸೆನ್ಸ್ ಬರುವತನಕ ನನ್ನನ್ನು ನಾನು ಆ ಹೆಸರಿನಿಂದ ಕರೆದುಕೊಂಡರೂ ಅಪರಾಧ. ಹುಲ್ಲು ಮಾತ್ರ ಎರಡೂ ಕಡೆ ಒಂದೇ ಬಣ್ಣದ್ದಿತ್ತು.

ನಮ್ಮೂರಿನ ಆಂಬುಲೆನ್ಸ್ ಕೇಂದ್ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು. ಆದ್ದರಿಂದ ಗ್ರ್ಯಾಂಡ್ ಪ್ರೈರಿಯಲ್ಲಿ ಶಾಲಾ ಬಸ್ ಓಡಿಸುವ ನನ್ನ ಅಕ್ಕ ಕೆರಿಯ ನೆಲಮಾಳಿಗೆಯಲ್ಲಿ ರಾಜಾಶ್ರಯ ಪಡೆದಿದ್ದೇನೆ. ಪಕ್ಕದಲ್ಲೇ ಬಿಸಿನೀರಿನ ಹಂಡೆ. ಅದು ಗಂಟೆಗೊಮ್ಮೆ ಗುಡುಗುತ್ತದೆ.

ಷರಾ: ಸದರಿ ಲೇನ್ ಹೆದರಿಲ್ಲ.

ಅಕ್ಟೋಬರ್ 14, ಸೋಮವಾರ

ಥ್ಯಾಂಕ್ಸ್‌ಗಿವಿಂಗ್ ರಜೆ. ಟರ್ಕಿ ಕೋಳಿಯ ಜೊತೆಗೆ ಕೆರಿ ನಮ್ಮ ಅಜ್ಜಿಯ ಲೆಕ್ಕದಲ್ಲೇ ಪೆರೋಗಿ ಎಂಬ ಆಲೂಗಡ್ಡೆ ಕಡುಬು ಮಾಡಿದ್ದಳು. ಅಂದರೆ ಇಬ್ಬರಿಗೆ ಎಂಬತ್ತು. ತಿಂದು ಮುಗಿಸಿ ಅರ್ಜಿ ತುಂಬಲು ಕೂತೆವು.

ಅರ್ಜಿ ಇಪ್ಪತ್ತೆರಡು ಪುಟ. ಜೊತೆಗೆ ಸಸ್ಕಾಚೆವಾನಿನ ಲೈಸೆನ್ಸ್ ಮಂಡಳಿಯಿಂದ ನಾನು ಒಳ್ಳೆಯವನೆಂಬ ಪತ್ರ ಬರಬೇಕು. ಅದು ನೇರವಾಗಿ ಅವರಿಂದ ಇವರಿಗೆ ಹೋಗಬೇಕು. ನನ್ನ ಒಳ್ಳೆಯತನದ ಪತ್ರವನ್ನು ನಾನೇ ಮುಟ್ಟಿದರೆ ಅದು ಕೆಟ್ಟುಹೋಗುತ್ತದೆ.

"ಸುಳ್ಳು ಬರೀಬೇಡ್ವೋ," ಅಂದಳು ಕೆರಿ.

"ಸುಳ್ಳೆಲ್ಲಿ ಬರ್ದೆ?"

"ಇಲ್ಲಿ. 'ಅಡ್ಡಹೆಸರು' ಅನ್ನೋ ಕಡೆ 'ಪರಮಪೂಜ್ಯ' ಅಂತ ಬರ್ದಿದೀಯಲ್ಲ, ಮಂಗ."

ಅಳಿಸಿದೆ. ಕೆಲಸ ಒಂದು ಕಾದಿದೆ. ಇಲ್ಲಿಂದ ಒಂದೂವರೆ ಗಂಟೆ ದೂರದ ಆಟರ್ ಕ್ರೀಕ್ ಎಂಬ ಊರಿನ ಆಂಬುಲೆನ್ಸ್ ಕೇಂದ್ರ. ಮುಖ್ಯಸ್ಥೆ ಹ್ಯಾರಿಯೆಟ್ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಡಿಸೆಂಬರ್ ಹದಿಮೂರರ ತನಕ ಜಾಗ ಇಟ್ಕೊಂಡಿರ್ತೀನಿ. ಆವತ್ತು ಲೈಸೆನ್ಸ್ ನಂಬರ್ ಹೇಳಿದ್ರೆ ನೀನು, ಇಲ್ದಿದ್ರೆ ಪಟ್ಟೀಲಿ ಮುಂದಿನೋರು." ನಂಬರ್ ಬರದಿದ್ದರೆ ನನಗೆ ಇಲ್ಲಿ ಕೆಲಸವಿಲ್ಲ, ಅಲ್ಲಿಯೂ ಇಲ್ಲ. ನನಗೆ ಬರುವುದು ಇದೊಂದೇ ವಿದ್ಯೆ.

ಷರಾ: ಮೇಲಿನಂತೆಯೇ. ಹೆದರಿಲ್ಲ.

ಅಕ್ಟೋಬರ್ 28, ಸೋಮವಾರ

ಮಧ್ಯಂತರ ಪದವಿ ದೊರಕಿ ವಾರವಾಯಿತು. ವೆಂಡೆಲ್ ಎಂಬ ನ್ಯೂಫೌಂಡ್‌ಲೆಂಡಿನ ಮುದುಕ ತೈಲಬಾವಿಗಳಿಗೆ ಸುರಕ್ಷತಾ ಟ್ರಕ್ ಒದಗಿಸುತ್ತಾನೆ. ಟ್ರಕ್ಕಿನಲ್ಲಿ ಸ್ಟ್ರೆಚರ್, ಔಷಧದ ಪೆಟ್ಟಿಗೆ, ಒಬ್ಬ ಮನುಷ್ಯ. ಬಾವಿಯ ಬಳಿ ನಿಲ್ಲಬೇಕು. ಏನೂ ಆಗದಿರಲಿ ಎಂದು ಹನ್ನೆರಡು ಗಂಟೆ ಹಾರೈಸುವುದೇ ಕೆಲಸ.

"ನಿನ್ನ ಸಸ್ಕಾಚೆವಾನ್ ಲೈಸೆನ್ಸ್ ಇಲ್ಲಿ ಟಾಯ್ಲೆಟ್ ಪೇಪರ್ ಕಣೋ ಮಗಾ," ಅಂದ ವೆಂಡೆಲ್. "ಲೈಸೆನ್ಸ್ ಬರೋತನಕ ನೀನು ಬರೀ ಫಸ್ಟ್ ಏಡ್ ಕಲಿತೋನು. ಬ್ಯಾಂಡೇಜ್ ಕಟ್ಟು, ರಕ್ತ ನಿಲ್ಸು, ಆಂಬುಲೆನ್ಸ್ ಕರಿ. ಅದಕ್ಕಿಂತ ಜಾಸ್ತಿ ಬುದ್ಧಿವಂತಿಕೆ ತೋರ್ಸಿದ್ಯೋ, ನಿನ್ನನ್ನ ಸ್ಟ್ರೆಚರ್ ಮೇಲೆ ಮಲಗ್ಸಿ ಮನೆಗೆ ಕಳಿಸ್ತೀನಿ."

ಮೂರನೆಯ ದಿನವೇ ತರಬೇತಿಯ ರಬ್ಬರ್ ಬೊಂಬೆಗೆ ವೆಂಡೆಲ್ಲನ ಟೋಪಿ ಹಾಕಿ, ಕೈಗೆ ಕಾಫಿ ಲೋಟ ಕೊಟ್ಟು ಚಾಲಕನ ಸೀಟಿನಲ್ಲಿ ಕೂರಿಸಿದೆ. ವೆಂಡೆಲ್ ಬಾಗಿಲು ತೆಗೆದು ಎರಡು ನಿಮಿಷ ನೋಡಿದ. "ನಿನಗಿಂತ ಇವನೇ ವಾಸಿ," ಅಂದು, ಮಧ್ಯಾಹ್ನದವರೆಗೆ ನನ್ನನ್ನು ಹಿಂದೆ ಕೂರಿಸಿದ.

ನೀರಿನ ಟ್ಯಾಂಕರ್ ಓಡಿಸುವ ರೋಲನ್ ಬೆಲ್‌ಕೂರ್ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಐವತ್ತು ದಾಟಿದ ಆಸಾಮಿ, ಇಲ್ಲಿಯವನೇ, ಮೇಟಿ ಎಂಬ ಮೂಲನಿವಾಸಿ ಸಮುದಾಯದವನು. ಪ್ರತಿದಿನ ಬಂದು ಟ್ರಕ್ಕಿನ ಗಾಜು ತಟ್ಟುತ್ತಾನೆ. "ಡಾಕ್ಟ್ರೇ, ಬದುಕ್ತೀನಾ?" "ಕಷ್ಟ," ಎನ್ನುತ್ತೇನೆ. ಅವನು ಕುಡಿದುಳಿದ ಕಾಫಿಯನ್ನು ನನಗೆ ದಾನ ಮಾಡಿ ಹೋಗುತ್ತಾನೆ.

ನವೆಂಬರ್ 3, ಭಾನುವಾರ

ಇವತ್ತು ಆಲ್ಬರ್ಟದ ಜನರೆಲ್ಲ ಚಳಿಗಾಲ ಬಂತೆಂದು ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸಿದರು. ಸಸ್ಕಾಚೆವಾನಿನವರಾದ ನಮಗೆ ಇದು ಕಾಡುಜನರ ಆಚಾರ. ನಮ್ಮಲ್ಲಿ ಗಡಿಯಾರವನ್ನು ಯಾರೂ ಮುಟ್ಟುವುದಿಲ್ಲ. ನಾನು ಹುಟ್ಟಿದಂದಿನಿಂದ ಒಂದು ಸಲವೂ ಮುಟ್ಟಿಲ್ಲ.

ಕೆರಿ ಒಲೆ, ಕಾರು, ಗೋಡೆ ಎಲ್ಲವನ್ನೂ ತಿದ್ದಿಕೊಂಡು ಬಂದು ನನ್ನ ಮಣಿಕಟ್ಟಿಗೆ ಕೈ ಹಾಕಿದಳು.

"ಮುಟ್ಬೇಡ! ಇದು ವಿದೇಶಿ ರಾಯಭಾರ ಕಚೇರಿ."

"ಫೋನಲ್ಲಿ ತಾನಾಗೇ ಬದಲಾಗಿದೆ ಕಣೋ, ಕೈಗಡಿಯಾರ ನೀನೇ ತಿರುಗಿಸ್ಬೇಕು."

"ಒಂದು ಕಳೆಯೋದು ಅಷ್ಟೇ ತಾನೇ? ಎರಡನೇ ಕ್ಲಾಸಿನ ಲೆಕ್ಕ."

ಆಜ್ಞೆ ಹೊರಡಿಸಲಾಗಿದೆ: ಲೇನ್ ಹ್ನಾಟ್ಯುಕ್‌ನ ಎಡ ಮಣಿಕಟ್ಟಿನ ಮೇಲಿನ ಮೂರು ಸೆಂಟಿಮೀಟರ್ ಅಗಲದ ಪ್ರದೇಶವು ಸಸ್ಕಾಚೆವಾನ್ ಪ್ರಾಂತ್ಯದ ಅವಿಭಾಜ್ಯ ಅಂಗ. ಅತಿಕ್ರಮಿಸಿದವರ ಮೇಲೆ ಸೂಕ್ತ ಕ್ರಮ ಜರುಗಿಸಲಾಗುವುದು.

ಅರ್ಜಿ ಇನ್ನೂ 'ಪರಿಶೀಲನೆಯಲ್ಲಿದೆ'. ದಿನಕ್ಕೆ ಹನ್ನೊಂದು ಸಲ ನೋಡುತ್ತಿದ್ದೇನೆ. ಹಂಡೆ ಗುಡುಗಿದರೆ ಎದೆ ಹಾರುತ್ತದೆ. ಇದು ಹಂಡೆಯ ದೋಷ.

ನವೆಂಬರ್ 14, ಗುರುವಾರ

ರೋಲನ್‌ಗೆ ಪೆಟ್ಟಾಗಿದೆ. ನಾನು ತಪ್ಪು ಮಾಡಿದೆ.

ನವೆಂಬರ್ 15, ಶುಕ್ರವಾರ

ವೆಂಡೆಲ್ ಇವತ್ತು ಬರಬೇಡ ಅಂದಿದ್ದಾನೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಮೈನಸ್ ಹದಿನೆಂಟು ಡಿಗ್ರಿ. ಕಬ್ಬಿಣದ ಕೊಳವೆಗಳ ಅಟ್ಟಣೆಯಿಂದ ಒಂದು ಕೊಳವೆ ಉರುಳಿತು. ಕೆಳಗೆ ನೀರಿನ ಪೈಪ್ ಬಿಚ್ಚುತ್ತಿದ್ದ ರೋಲನ್‌ನ ಮೊಣಕಾಲಿನ ಕೆಳಗೆ ಅದರ ಹರಿತ ತುದಿ ಹೊಕ್ಕಿತ್ತು. ನಾನು ತಲುಪುವ ಹೊತ್ತಿಗೆ ಹಿಮ ಕೆಂಪಾಗಿ ಹಬೆಯಾಡುತ್ತಿತ್ತು. ಒತ್ತಿದೆ, ನಿಲ್ಲಲಿಲ್ಲ. ತೊಡೆಗೆ ಬಿಗಿಪಟ್ಟಿ ಹಾಕಿ ರಕ್ತ ನಿಲ್ಲುವತನಕ ತಿರುಪಿದೆ. ನಿಂತಿತು. ರೋಲನ್ ಕಿರುಚಿದ. ಬಿಗಿಪಟ್ಟಿ ಹಾಕಿದರೆ ಹಾಕಿದ ಹೊತ್ತನ್ನು ಅದರ ಮೇಲೆ ಬರೆಯಬೇಕು. ಎರಡು ಗಂಟೆಗಿಂತ ಹೆಚ್ಚು ರಕ್ತ ಸಿಗದಿದ್ದರೆ ಕಾಲು ಸತ್ತುಹೋಗುತ್ತದೆ. ಆಸ್ಪತ್ರೆಯಲ್ಲಿ ಆ ಹೊತ್ತನ್ನು ನೋಡಿಯೇ ವೈದ್ಯರು ಓಡುವುದು ಅಥವಾ ಓಡದಿರುವುದು. ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು. ಕಂಕುಳಲ್ಲಿಟ್ಟು ಕಾಯಿಸಿ, ಮಣಿಕಟ್ಟು ನೋಡಿ ಬರೆದೆ. 2:42.

ಒಂದು ಕಳೆಯಲಿಲ್ಲ.

ಆಂಬುಲೆನ್ಸ್ ದೂರದಿಂದ ಬರಬೇಕಿತ್ತು. ಅಷ್ಟು ಹೊತ್ತೂ ರೋಲನ್‌ನ ತಲೆ ನನ್ನ ಮಡಿಲಲ್ಲಿತ್ತು. "ಡಾಕ್ಟ್ರೇ, ಬದುಕ್ತೀನಾ?" ಅಂದ. ಎಂದಿನ ಉತ್ತರ ಬಾಯಿಗೆ ಬರಲಿಲ್ಲ. "ಹೂಂ" ಅಂದೆ. ಅದನ್ನು ಕೇಳಿ ಅವನು ಹೆದರಿದ.

ಆಂಬುಲೆನ್ಸ್ ಬಂದಾಗ ಇಲ್ಲಿಯ ಗಂಟೆ 2:55. ಪ್ಯಾರಾಮೆಡಿಕ್ ಬಿಗಿಪಟ್ಟಿಯನ್ನು ಓದಿದಳು. "ಹದಿಮೂರೇ ನಿಮಿಷ ಆಯ್ತಾ? ಅಲ್ಲೀತನಕ ಕೈಯಲ್ಲೇ ಒತ್ತಿ ಹಿಡಿದಿದ್ರಾ? ಭೇಷ್." ನಾನು ತಲೆಯಾಡಿಸಿದೆ. ಯಾಕೆ ಆಡಿಸಿದೆನೋ ಗೊತ್ತಿಲ್ಲ. ನನಗೂ ಹದಿಮೂರೇ ನಿಮಿಷ ಆದ ಹಾಗಿತ್ತು. ಯಾರೋ ಭೇಷ್ ಅಂದಿದ್ದರು. ಅವರು ಹೋದರು.

ಟ್ರಕ್ಕಿಗೆ ಬಂದು ಕೈ ಒರೆಸಿಕೊಂಡೆ. ಇಂಜಿನ್ ಚಾಲು ಮಾಡಿದಾಗ ಮುಂದಿನ ಫಲಕದಲ್ಲಿ 3:20 ಕಾಣಿಸಿತು. ನನ್ನ ಕೈಯಲ್ಲಿ 4:20. ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಬಿಗಿಪಟ್ಟಿ ಹಾಕಿದ್ದು 1:42ಕ್ಕೆ. ಹಾಕಿ ಆಗಲೇ ಒಂದು ಗಂಟೆ ಮೂವತ್ತೆಂಟು ನಿಮಿಷ ಆಗಿತ್ತು. ಅವರು ಮೂವತ್ತೆಂಟು ನಿಮಿಷ ಎಂದುಕೊಂಡು ಆತುರವಿಲ್ಲದೆ ಹೋಗುತ್ತಿದ್ದರು.

ವೆಂಡೆಲ್‌ಗೆ ಹೇಳಿದೆ. "ಗಡಿಯಾರ ತಪ್ಪು. ನಾನು ಒಂದು ಗಂಟೆ ತಪ್ಪು ಬರ್ದಿದೀನಿ."

"ಇವತ್ತು ಬೇಡ ಕಣೋ ನಿನ್ನ ತಮಾಷೆ."

"ವೆಂಡೆಲ್, ತಮಾಷೆ ಅಲ್ಲ."

ಅವನು ನನ್ನ ಮುಖ ನೋಡಿ ರೇಡಿಯೋವನ್ನು ಕೈಗೆ ಕೊಟ್ಟ.

ಆಂಬುಲೆನ್ಸ್ ನಿಯಂತ್ರಣ ಕೇಂದ್ರದ ಹೆಂಗಸು ಕೇಳಿದಳು, "ಯಾರು ಮಾತಾಡೋದು? ಲೈಸೆನ್ಸ್ ನಂಬರ್?"

"ಇಲ್ಲ."

"ಇಲ್ಲ ಅಂದ್ರೆ?"

"ಆಲ್ಬರ್ಟದಲ್ಲಿ ಇನ್ನೂ ಬಂದಿಲ್ಲ. ಬಾವಿ ಹತ್ರ ಫಸ್ಟ್ ಏಡ್‌ಗೆ ಇರೋನು. ಈಗ ಹೋದ ಆಂಬುಲೆನ್ಸಿಗೆ ಹೇಳಿ, ಬಿಗಿಪಟ್ಟಿ ಮೇಲಿರೋ ಹೊತ್ತು ತಪ್ಪು. ಹಾಕಿದ್ದು ಒಂದೂ ನಲವತ್ತೆರಡಕ್ಕೆ. ಆಲ್ಬರ್ಟ ಟೈಮ್. ಒಂದೂ ನಲವತ್ತೆರಡು."

ಎರಡು ಸಲ ಹೇಳಿಸಿದಳು. ಅವಳ ಹಿಂದೆ ಯಾರೋ ಓಡಿದ ಸದ್ದು ಕೇಳಿಸಿತು.

ಇನ್ನೊಂದನ್ನು ಬರೆಯಬೇಕು. ಫಲಕದಲ್ಲಿ 3:20 ನೋಡಿದೆ. ವೆಂಡೆಲ್ ಹತ್ತಿರ ಹೋದದ್ದು 3:24ಕ್ಕೆ. ಅವನು ಹತ್ತು ಹೆಜ್ಜೆ ದೂರದಲ್ಲಿದ್ದ.

ನವೆಂಬರ್ 16, ಶನಿವಾರ

ಆಸ್ಪತ್ರೆಗೆ ಫೋನ್ ಮಾಡಿದೆ. ನೆಂಟರಲ್ಲದವರಿಗೆ ಏನೂ ಹೇಳುವುದಿಲ್ಲವಂತೆ. ಕೆರಿ ಊಟ ತಂದಿಟ್ಟಳು. ಸಂಜೆ ಬಂದು ತಟ್ಟೆಯನ್ನು ಹಾಗೆಯೇ ತೆಗೆದುಕೊಂಡು ಹೋದಳು. ನಾನು ತಮಾಷೆ ಮಾಡಲಿ ಎಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಿದ್ದಳು.

ಕಾಲು ಹೋದರೆ?

ನವೆಂಬರ್ 19, ಮಂಗಳವಾರ

ಕಾಲು ಉಳಿದಿದೆ. ರೋಲನ್‌ನ ಹೆಂಡತಿ ವೆಂಡೆಲ್‌ಗೆ ಹೇಳಿದಳಂತೆ. ನೇರ ಶಸ್ತ್ರಚಿಕಿತ್ಸೆಗೆ ಒಯ್ದರಂತೆ. ಪಾದದ ಅರ್ಧ ಭಾಗಕ್ಕೆ ಸ್ಪರ್ಶವಿಲ್ಲ. ಬರಬಹುದು, ಬರದೆಯೂ ಇರಬಹುದು. ನನ್ನ ಗಂಟೆಯಿಂದಲೋ ಕೊಳವೆಯಿಂದಲೋ, ಯಾರೂ ಹೇಳುತ್ತಿಲ್ಲ.

ಅರ್ಜಿಯ ಕೊನೆಯ ಪುಟದಲ್ಲಿ ಒಂದು ಸಾಲು ಇದೆ: ಅರ್ಜಿ ಬಾಕಿ ಇರುವಾಗ ಕೆಲಸಕ್ಕೆ ಸಂಬಂಧಿಸಿದ ಯಾವುದೇ ಘಟನೆ ನಡೆದಲ್ಲಿ ತಿಳಿಸತಕ್ಕದ್ದು. ಅದನ್ನು ವೆಂಡೆಲ್‌ಗೆ ತೋರಿಸಿದೆ.

"ಇದು ನಿನಗಲ್ಲ ಕಣೋ," ಅಂದ. "ನೀನು ಆವತ್ತು ಲೈಸೆನ್ಸಿನ ಕೆಲಸ ಮಾಡ್ಲಿಲ್ಲ. ಬಿಗಿಪಟ್ಟಿ ನನ್ನ ಮೊಮ್ಮಗಳೂ ಹಾಕ್ತಾಳೆ, ಸ್ಕೌಟಲ್ಲಿ ಹೇಳ್ಕೊಟ್ಟಿದಾರೆ. ಬರಿಬೇಡ ಮಗಾ. ಬರೆದ್ರೆ ನಿನ್ನ ಕಡತ ರಾಶಿ ಕೆಳಗೆ ಹೋಗತ್ತೆ, ಡಿಸೆಂಬರ್ ಹದಿಮೂರು ಮುಗಿಯತ್ತೆ, ನಿನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ಕಾಲು ಉಳೀತಲ್ಲ, ಇನ್ನೇನು?"

ಅವನು ಹೇಳಿದ್ದು ಸುಳ್ಳಲ್ಲ. ಮನೆಗೆ ಬಂದು ಕೆರಿಯನ್ನು ಕೇಳಿದೆ. ಅವಳು ಬಸ್ಸಿನ ಸಮವಸ್ತ್ರದಲ್ಲೇ ಇದ್ದಳು.

"ನಾನು ಬಸ್ ಹಿಂದೆ ತೆಗೀವಾಗ ಒಂದು ಸೈಕಲ್ ಮೇಲೆ ಹತ್ಸಿದ್ದೆ, ಗೊತ್ತಾ ನಿನಗೆ?"

"ಇಲ್ಲ."

"ಸೈಕಲ್ ಮೇಲೆ ಯಾರೂ ಇರ್ಲಿಲ್ಲ. ಯಾರಿಗೂ ಹೇಳ್ಲಿಲ್ಲ. ನಾಕು ವರ್ಷ ಆಯ್ತು. ಈಗ್ಲೂ ಹಿಂದೆ ತೆಗೆಯೋವಾಗ ಕಾಲು ನಡುಗತ್ತೆ." ಅಷ್ಟು ಹೇಳಿ ಮೇಲೆ ಹೋದಳು. ಬರಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಬರೆದೆ. ಒಂದು ಪುಟ. ಗಡಿಯಾರ ಬದಲಿಸದಿದ್ದುದು ಬೇಕೆಂದೇ ಎಂದೂ, ತಲೆಯಾಡಿಸಿದೆ ಎಂದೂ, 3:20ರಿಂದ 3:24ರವರೆಗೆ ಸುಮ್ಮನೆ ಕೂತಿದ್ದೆ ಎಂದೂ ಬರೆದೆ. ಕಳಿಸುವ ಗುಂಡಿ ಒತ್ತಿದೆ.

ನವೆಂಬರ್ 29, ಶುಕ್ರವಾರ

ಪರಿಶೀಲನೆಯಲ್ಲಿದೆ.

ಡಿಸೆಂಬರ್ 5, ಗುರುವಾರ

ಆಲ್ಬರ್ಟದ ಲೈಸೆನ್ಸ್ ಮಂಡಳಿಯವರು ವಿಡಿಯೋದಲ್ಲಿ ಮಾತಾಡಬೇಕೆಂದರು. ಶರ್ಟಿಗೆ ಇಸ್ತ್ರಿ ಹಾಕಿ, ಹಂಡೆ ಕಾಣದ ಹಾಗೆ ಹಾಸಿಗೆಯ ಮೇಲೆ ಕೂತೆ. ಮಿಸ್ ಪೆಲೆಟಿಯರ್ ಎಂಬುವರು. ನರೆಗೂದಲು, ನಗು ಇಲ್ಲ, ಕೋಪವೂ ಇಲ್ಲ. ನಾನು ಬರೆದ ಪುಟ ಅವರ ಕೈಯಲ್ಲಿತ್ತು.

"ಗಡಿಯಾರದ ವಿಷಯ ಅರ್ಥ ಆಯ್ತು," ಅಂದರು. "ಸಸ್ಕಾಚೆವಾನಿಂದ ಬಂದೋರು ನವೆಂಬರಿನಲ್ಲಿ ಕೆಲಸಕ್ಕೆ ಒಂದು ಗಂಟೆ ಮುಂಚೆ ಬಂದು ಬಾಗಿಲು ತಟ್ಟೋದು ನೋಡಿದೀನಿ. ಆದ್ರೆ ಈ ನಾಲ್ಕು ನಿಮಿಷ. ಇದನ್ನ ನಿಮ್ಮನ್ನ ಯಾರೂ ಕೇಳಿರ್ಲಿಲ್ಲ. ಆಗ ಏನ್ ಮಾಡ್ತಿದ್ರಿ?"

ನಾಲ್ಕೈದು ಉತ್ತರ ತಯಾರಿಟ್ಟಿದ್ದೆ. ಗಾಬರಿಯಾಗಿತ್ತು, ಲೆಕ್ಕ ಸರಿ ನೋಡುತ್ತಿದ್ದೆ, ಕೈ ಮರಗಟ್ಟಿತ್ತು. ಯಾವುದೂ ಪೂರ್ತಿ ಸುಳ್ಳಲ್ಲ.

"ಲೈಸೆನ್ಸ್ ಬಗ್ಗೆ ಯೋಚ್ನೆ ಮಾಡ್ತಿದ್ದೆ, ಮೇಡಂ."

"ಯಾರ ಲೈಸೆನ್ಸ್?"

"ನನ್ನದು. ಹೇಳಿದ್ರೆ ಸಿಗಲ್ವೇನೋ ಅಂತ. ಹೇಳ್ದಿದ್ರೂ ಅಲ್ಲಿ ಅವರಿಗೆ ಗೊತ್ತಾಗಬಹುದು ಅಂತ. ನಾಲ್ಕು ನಿಮಿಷ ಅದೇ ಯೋಚ್ನೆ. ರೋಲನ್ ನೆನಪಾಗಿದ್ದು ಕೊನೇಲಿ."

ಅವರು ಬರೆದುಕೊಂಡರು. ಬಹಳ ಹೊತ್ತು ಬರೆದುಕೊಂಡರು. ಆಮೇಲೆ ನನ್ನ ಅಂಚೆ ವಿಳಾಸ ಸರಿಯಿದೆಯೇ ಎಂದು ಕೇಳಿದರು. ಸರಿಯಿದೆ ಎಂದೆ. "ಒಳ್ಳೇದು, ತಿಳಿಸ್ತೀವಿ," ಎಂದರು. ಪರದೆ ಕಪ್ಪಾಯಿತು.

ಎಲ್ಲ ಮುಗಿಯಿತು ಅನ್ನಿಸುತ್ತದೆ.

ಡಿಸೆಂಬರ್ 8, ಭಾನುವಾರ

ರೋಲನ್ ಮನೆಗೆ ಬಂದಿದ್ದಾನೆ. ಹೋದೆ. ಕಾರಿನಲ್ಲಿ ಅವನ ಮನೆಯೆದುರು ಕಾಲು ಗಂಟೆ ಕೂತಿದ್ದೆ. ಅವನ ಹೆಂಡತಿ ಬಂದು ಗಾಜು ತಟ್ಟಿ, "ಒಳಗೆ ಬರ್ತೀಯೋ, ಇಲ್ಲೇ ಸೂಪ್ ತಂದ್ಕೊಡ್ಲೋ?" ಅಂದಳು.

ರೋಲನ್ ಸೋಫಾದ ಮೇಲೆ ಕಾಲು ಚಾಚಿದ್ದ. ಪಾದ ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು. ನಾನು ನಿಂತೇ ಎಲ್ಲ ಹೇಳಿದೆ. ಗಂಟೆ, ತಲೆಯಾಡಿಸಿದ್ದು, ನಾಲ್ಕು ನಿಮಿಷ.

ಅವನು ಸೂಪು ಕುಡಿದು ಮುಗಿಸಿದ. ಆಮೇಲೆ, "ನನ್ನ ಒಂದು ಗಂಟೆ ನಿನ್ನ ಹತ್ರ ಇದೆ ಅನ್ನು. ವಾಪಸ್ ಕೊಡು, ಹಾಕಿ ಮ್ಯಾಚ್ ನೋಡ್ತೀನಿ," ಅಂದ.

ನನಗೆ ನಗು ಬರಲಿಲ್ಲ. ಅವನಿಗೂ ಪೂರ್ತಿ ಬರಲಿಲ್ಲ.

"ಕೋಪ ಇದೆ ಕಣಯ್ಯಾ," ಅಂದ, ಮೆಲ್ಲಗೆ. "ಬೆಳಿಗ್ಗೆ ಎದ್ದು ಬೆರಳು ಅಲ್ಲಾಡಿಸೋಕ್ ನೋಡ್ತೀನಿ, ಅಲ್ಲಾಡಲ್ಲ. ಆಗ ನಿನ್ನ ನೆನಪು ಬರತ್ತೆ. ಆದ್ರೆ ಆವತ್ತು ರಕ್ತ ನಿಲ್ಸಿದ್ದೂ ನೀನೇ. ಎರಡನ್ನೂ ಕೂಡಿ ಕಳೆಯೋಕೆ ನನಗೆ ಬರಲ್ಲ. ನಾಲ್ಕನೇ ಕ್ಲಾಸಿಗೆ ಬಿಟ್ಟೋನು ನಾನು. ಕೂತ್ಕೋ."

ಕೂತೆ. ಮ್ಯಾಚ್ ಮುಗಿಯುವವರೆಗೆ ಇದ್ದೆ. ಯಾರು ಗೆದ್ದರೋ ನೋಡಲಿಲ್ಲ.

ಡಿಸೆಂಬರ್ 13, ಶುಕ್ರವಾರ

ಬೆಳಿಗ್ಗೆ ಎಂಟಕ್ಕೆ ಪರಿಶೀಲನೆಯಲ್ಲಿದೆ. ಹತ್ತಕ್ಕೆ ಪರಿಶೀಲನೆಯಲ್ಲಿದೆ. ಮಧ್ಯಾಹ್ನ ಕೆರಿ ಬಸ್ಸಿನ ಎರಡು ಸರದಿಗಳ ನಡುವೆ ಬಂದು, ಏನೂ ಕೇಳದೆ, ಪಾತ್ರೆ ಬಡಿಯುತ್ತ ತೊಳೆದಳು.

ಎರಡೂ ಹತ್ತಕ್ಕೆ ಮಿಂಚಂಚೆ ಬಂತು. ತೆರೆದೆ. ಒಂದು ನಂಬರ್ ಇತ್ತು. ಅದರ ಕೆಳಗೆ ಒಂದು ಷರತ್ತು ಇತ್ತು: ಮೊದಲ ಆರು ತಿಂಗಳು ನಾನು ಬರೆಯುವ ಪ್ರತಿಯೊಂದು ದಾಖಲೆಗೂ, ಪ್ರತಿಯೊಂದು ಹೊತ್ತಿಗೂ, ಅನುಭವಿ ಪ್ಯಾರಾಮೆಡಿಕ್ ಒಬ್ಬರು ಅಲ್ಲೇ ಸಹಿ ಹಾಕಬೇಕು.

ಅಂದರೆ ನನ್ನನ್ನು ತೆಗೆದುಕೊಂಡವರಿಗೆ ಎರಡು ಪಟ್ಟು ಕೆಲಸ. ಆಟರ್ ಕ್ರೀಕಿನದು ಚಿಕ್ಕ ಕೇಂದ್ರ, ಪಟ್ಟಿಯಲ್ಲಿ ಮುಂದಿನವನು ಇದ್ದಾನೆ, ಅವನಿಗೆ ಷರತ್ತಿಲ್ಲ. ಹ್ಯಾರಿಯೆಟ್ ಕೇಳಿದ್ದು ನಂಬರ್ ಮಾತ್ರ. ಬರೀ ನಂಬರ್ ಹೇಳಿ ಸುಮ್ಮನಿದ್ದರೂ ನಡೆಯುತ್ತಿತ್ತು, ಕೆಲಸಕ್ಕೆ ಸೇರುವ ಸೋಮವಾರದವರೆಗೆ.

ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು ಹ್ಯಾರಿಯೆಟ್‌ಗೆ ಫೋನ್ ಮಾಡಿದೆ. ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ.

"ಬಂತಾ?" ಅಂದಳು.

ನಂಬರ್ ಹೇಳಿದೆ. ಬರೆದುಕೊಂಡಳು. "ಸರಿ ಹಾಗಾದ್ರೆ..."

"ಷರತ್ತಿದೆ," ಅಂದೆ. ಓದಿ ಹೇಳಿದೆ. ಯಾಕೆ ಅಂತ ಕೇಳಿದಳು. ಹೇಳಿದೆ. ಕೊಳವೆ, 2:42, ಭೇಷ್ ಅಂದದ್ದು, ನಾಲ್ಕು ನಿಮಿಷ, ರೋಲನ್‌ನ ಬೆರಳು. ಏನನ್ನೂ ಬಿಡದೆ ಹೇಳಿ ಮುಗಿಸಿದೆ.

ಆ ಕಡೆ ಕುರ್ಚಿ ಕಿರುಗುಟ್ಟಿತು. ಒಂದು ಡ್ರಾಯರ್ ಎಳೆದ ಸದ್ದು.

"ಪಟ್ಟೀಲಿ ಮುಂದಿನೋನಿಗೆ ನಿನ್ನೆಯೇ ಫೋನ್ ಮಾಡಿಟ್ಟಿದ್ದೆ, ನೀನು ಬರಲ್ಲ ಅಂದ್ಕೊಂಡು," ಅಂದಳು.

ಕಣ್ಣು ಮುಚ್ಚಿಕೊಂಡೆ.

"ಈಗ ಅವನಿಗೆ ಏನ್ ಹೇಳೋದೋ ನೋಡ್ಬೇಕು," ಅಂದಳು. "ಸೋಮವಾರ ಆರಕ್ಕೆ ಬಾ. ಸಹಿ ನಾನೇ ಹಾಕ್ತೀನಿ. ಒಂದೊಂದು ಸಹಿಗೂ ಬೈತೀನಿ. ಬೂಟು ನಿಂದೇ ತಗೊಂಡ್ ಬಾ, ಇಲ್ಲಿ ಇರೋದೆಲ್ಲ ಹೆಂಗಸರ ಸೈಜ್."

ಫೋನ್ ಇಟ್ಟೆ. ಮೆಟ್ಟಿಲ ಮೇಲೇ ಕೂತಿದ್ದೆ. ಮೇಲೆ ಬಾಗಿಲಲ್ಲಿ ಕೆರಿ ಒದ್ದೆ ಕೈಯಲ್ಲಿ ನಿಂತಿದ್ದಳು.

"ಏನಂದ್ಲು?"

"ಸೋಮವಾರ ಬಾ ಅಂದ್ಲು."

"ಮತ್ತೆ ಆ ಮುಖ ಯಾಕೆ? ನಾಟಕ ಸಾಕು, ಏಳೋ."

"ಏಳೋಕಾಗ್ತಿಲ್ಲ ಕಣೆ. ಹೆದರಿಕೆ ಆಗ್ತಿದೆ."

ಅವಳು ನಗಲು ಬಾಯಿ ತೆರೆದವಳು ನಗಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಆದರೂ ಇಳಿದು ಬಂದು ನನಗಿಂತ ಒಂದು ಮೆಟ್ಟಿಲು ಮೇಲೆ ಕೂತಳು, ಒದ್ದೆ ಕೈಯನ್ನು ನನ್ನ ಕುತ್ತಿಗೆಯ ಮೇಲಿಟ್ಟು.